ಭರಣಿ ಮಳೆ, ಗೊಣ್ಣೆ ಹುಳು ಮತ್ತು ಮನೆ ಮುಂದಿನ ಹುಲ್ಲು

ಕೇಳುಗರಿಗೆಲ್ಲ ನಮಸ್ಕಾರ.

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ಕಡೆ ಒಂದು ಗಾದೆ ಇದೆ. ಏಪ್ರಿಲ್ 27ರ ಆಸುಪಾಸಿನಲ್ಲಿ ಹುಟ್ಟುವ ಮಳೆ ಅದು. ಹೊಲ ಉಳುವವರು ಅದಕ್ಕೆ ಕಾಯುತ್ತಾರೆ. ಮೈಸೂರಿನ ಕುವೆಂಪುನಗರದಲ್ಲೋ ಬೋಗಾದಿಯಲ್ಲೋ ಮನೆ ಕಟ್ಟಿಕೊಂಡು, ಮುಂದೆ ಒಂದಿಷ್ಟು ಹುಲ್ಲು ಬೆಳೆಸಿದವರು ಮಾತ್ರ ಆ ಮಳೆಯನ್ನು ಕಿಟಕಿಯಿಂದ ನೋಡಿ, ಸದ್ಯ ಸೆಖೆ ಕಡಿಮೆಯಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಹುಲ್ಲಿನ ವರ್ಷ ಶುರುವಾಗುವುದೇ ಆ ಸಂಜೆ. ಲಾನಿಗೆ ಅತಿ ಹೆಚ್ಚು ಹಾನಿ ಮಾಡುವ ಹುಳುವಿನ ವರ್ಷವೂ ಅವತ್ತೇ ಶುರು.

ಆ ಹುಳು ಯಾವುದು? ಗೊಣ್ಣೆ ಹುಳು. ಮಂಡ್ಯದ ಕಬ್ಬಿನ ಗದ್ದೆಯವರಿಗೆ ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರು ತಿಂದು ಕಬ್ಬಿನ ಜಲ್ಲೆಯನ್ನೇ ಒಣಗಿಸಿ ಬೀಳಿಸುವ ಹುಳು. ಅದೇ ನಮ್ಮ ಅಂಗಳಕ್ಕೂ ಬರುತ್ತದೆ. ಆದರೆ ಪೇಟೆಯವರಿಗೆ ಅದು ಕಣ್ಣಿಗೆ ಬೀಳುವುದು ದಸರಾ ಹೊತ್ತಿಗೆ. ನೆಂಟರು ಬರುತ್ತಾರೆ ಅಂತ ಅಂಗಳ ಚೊಕ್ಕ ಮಾಡಲು ಹೋದರೆ ಹುಲ್ಲು ಅಲ್ಲಲ್ಲಿ ಕಂದಿರುತ್ತದೆ. ನೀರು ಸಾಲದೇನೋ ಅಂತ ಇನ್ನೆರಡು ಕೊಡ ಜಾಸ್ತಿ ಸುರಿಯುತ್ತಾರೆ. ಆಮೇಲೆ ಯೂರಿಯಾ ಎರಚುತ್ತಾರೆ. ಕೊನೆಗೆ ಕೈಯಲ್ಲಿ ಹಿಡಿದು ಎಳೆದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬರುತ್ತದೆ. ಕೆಳಗೆ ಬೇರೇ ಇಲ್ಲ! ಆಗ ಅಂಗಡಿಗೆ ಓಡುತ್ತಾರೆ. "ಸಾರ್, ಈ ಪೌಡರ್ ಹಾಕಿಬಿಡಿ, ಎಲ್ಲ ಸರಿಹೋಗುತ್ತೆ" ಅನ್ನುವವರು ಅಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ. ಏನೂ ಸರಿಹೋಗುವುದಿಲ್ಲ. ಅಷ್ಟು ಹೊತ್ತಿಗೆ ಹುಳು ಬಲಿತು, ತಿನ್ನುವುದು ಮುಗಿಸಿ, ಕೋಶ ಕಟ್ಟಲು ಮಣ್ಣಿನ ಆಳಕ್ಕೆ ಇಳಿಯುತ್ತಿರುತ್ತದೆ. ಔಷಧ ಮೇಲೆ, ಹುಳು ಕೆಳಗೆ.

ಹಾಗಾಗಿ ಈಗಿನ ಮಾತು ಆಡೋಣ. ಬೇಸಿಗೆಯ ಮೊದಲ ಒಳ್ಳೆ ಮಳೆ ಬಿದ್ದು ಮಣ್ಣು ನೆನೆದ ಸಂಜೆ, ಮಬ್ಬುಗತ್ತಲಾಗುತ್ತಿದ್ದ ಹಾಗೆ ನೆಲದಿಂದ ಕಂದು ಬಣ್ಣದ ದುಂಬಿಗಳು ಏಳುತ್ತವೆ. ಹಿಂದಿನ ವರ್ಷದ ಗೊಣ್ಣೆ ಹುಳುಗಳೇ ಇವು. ಕೋಶದಿಂದ ಹೊರಬಂದು, ಮಣ್ಣಿನೊಳಗೇ ಈ ಮಳೆಗೆ ಕಾಯುತ್ತಿರುತ್ತವೆ. ನೇರ ಹೋಗುವುದು ಬೇವಿನ ಮರಕ್ಕೆ, ಇಲ್ಲವೇ ಜಾಲಿಗೆ. ಅಲ್ಲಿ ಎಲೆ ತಿಂದು, ಜೋಡಿಯಾಗಿ, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತವೆ. ಮೊಟ್ಟೆ ಇಡುವುದು ಮಣ್ಣಿನಲ್ಲೇ. ವರ್ಷಕ್ಕೆ ಒಂದೇ ಪೀಳಿಗೆ. ಇದು ನಮ್ಮ ಅದೃಷ್ಟ ಅಂತ ತಿಳಿಯಿರಿ, ಯಾಕೆಂದರೆ ಈ ಕೆಲವು ಸಂಜೆಗಳಲ್ಲಿ ಹಿಡಿದಷ್ಟೂ ಮುಂದಿನ ಕಾಟ ಕಡಿಮೆ.

ಹಿಡಿಯುವುದು ಹೇಗೆ? ಹಳ್ಳಿಯವರು ಮಾಡುವ ಹಾಗೆಯೇ. ಮನೆ ಹತ್ತಿರ ಬೇವಿನ ಮರ ಇದ್ದರೆ ಅದರ ಕೆಳಗೆ ಹಳೆ ಸೀರೆಯನ್ನೋ ಟಾರ್ಪಾಲನ್ನೋ ಹಾಸಿ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಕೊಂಬೆ ಅಲ್ಲಾಡಿಸಿ. ಪಟಪಟ ಉದುರುತ್ತವೆ. ಸ್ವಲ್ಪ ಸೀಮೆಎಣ್ಣೆಯೋ ಸೋಪೋ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಬೀದಿಯ ನಾಲ್ಕು ಮನೆಯವರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು. ಒಬ್ಬರೇ ಮಾಡಿದರೆ ಪಕ್ಕದ ಸೈಟಿನ ದುಂಬಿ ನಿಮ್ಮ ಅಂಗಳಕ್ಕೆ ಬಂದೇ ಬರುತ್ತದೆ. ಇನ್ನೊಂದು ವಿಷಯ. ಈ ದುಂಬಿಗೆ ಬೆಳಕು ಅಂದರೆ ಆಸೆ. ಹುಲ್ಲಿನ ನಡುವೆ ಅಂದಕ್ಕೆ ಅಂತ ದೀಪ ಹಾಕಿಸಿರುತ್ತೀರಲ್ಲ, ಆ ಕೆಲವು ಸಂಜೆ ಅದನ್ನು ಆರಿಸಿಬಿಡಿ. ಬೇಕಿದ್ದರೆ ಹುಲ್ಲಿನಿಂದ ದೂರದಲ್ಲಿ ಒಂದು ಬಲ್ಬ್ ಕಟ್ಟಿ, ಅದರಡಿ ನೀರಿನ ಟಬ್ ಇಡಿ.

ಇನ್ನು ಗೊಬ್ಬರದ ಮಾತು. ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬರುವ ಹಸಿ ಸಗಣಿ ಗೊಬ್ಬರವನ್ನು ಹುಲ್ಲಿನ ಮೇಲೆ ಹರಡಬೇಡಿ. ಕಳಿಯದ ತಿಪ್ಪೆ ಗೊಬ್ಬರ ಇಂಥ ಹುಳುಗಳ ತವರುಮನೆ. ಚೆನ್ನಾಗಿ ಕಳಿತದ್ದು, ಜರಡಿ ಹಿಡಿದದ್ದು, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವಂಥದ್ದು ಮಾತ್ರ ಹಾಕಿ. ಜೊತೆಗೆ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದೇ.

ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಒಂದು ಪರೀಕ್ಷೆ ಮಾಡಿ. ಕುರ್ಪಿಯಿಂದ ಹುಲ್ಲಿನಲ್ಲಿ ಒಂದಡಿ ಚೌಕ ಗುರುತು ಮಾಡಿ. ಮೂರು ಕಡೆ ಕೊಯ್ದು ನಾಲ್ಕನೆಯ ಕಡೆಗೆ ಮಡಚಿ, ಮೂರು ಇಂಚು ಆಳದವರೆಗೆ ಮಣ್ಣು ಕೆದಕಿ. ಹಾಲು ಬಿಳುಪಿನ ಮೈ, ಕಂದು ತಲೆ, ಮುಂದೆ ಮೂರು ಜೊತೆ ಕಾಲು. ಹಿಂಭಾಗದಲ್ಲಿ ತೆಳು ಚರ್ಮದೊಳಗೆ ತಿಂದ ಮಣ್ಣು ಕಪ್ಪಗೆ ಕಾಣುತ್ತದೆ. ಮುಟ್ಟಿದರೆ ಅರ್ಧಚಂದ್ರವಾಗಿ ಮುದುಡಿಕೊಳ್ಳುತ್ತದೆ. ಅದೇ. ಒಂದು ಚೌಕದಲ್ಲಿ ನಾಲ್ಕೈದರೊಳಗೆ ಇದ್ದರೆ ಆರೋಗ್ಯವಾಗಿರುವ ಹುಲ್ಲು ತಡೆದುಕೊಳ್ಳುತ್ತದೆ, ಮಡಚಿದ್ದನ್ನು ಮತ್ತೆ ಮುಚ್ಚಿ ನೀರು ಹಾಕಿ. ಹತ್ತು ದಾಟಿದರೆ ಕೆಲಸ ಇದೆ ಅಂತ ಅರ್ಥ. ಆಗಲೂ ಮೊದಲು ಕೇಳಬೇಕಾದದ್ದು ಮೆಟಾರೈಜಿಯಂ ಅನ್ನುವ ಜೈವಿಕ ಶಿಲೀಂಧ್ರ. ಕಳಿತ ಗೊಬ್ಬರದಲ್ಲಿ ಬೆರೆಸಿ, ಸಂಜೆ ಹೊತ್ತು ತೇವದ ಮಣ್ಣಿಗೆ ಕೊಡಬೇಕು. ಇದು ತಗುಲಿದ ಹುಳು ಸತ್ತ ಮೇಲೆ ಹಸಿರು ಬೂಷ್ಟು ಹಿಡಿದಿರುತ್ತದೆ. ಹುಳು ಸಣ್ಣದಿರುವಾಗ ಕೊಟ್ಟರೆ ಫಲ ಜಾಸ್ತಿ.

ಅಂದ ಹಾಗೆ, ಗೊರವಂಕ, ಬೆಳ್ಳಕ್ಕಿ, ಚಂದ್ರಮುಕುಟ ಬಂದು ಹುಲ್ಲು ಕುಕ್ಕುತ್ತಿದ್ದರೆ ಓಡಿಸಬೇಡಿ. ನಿಮ್ಮ ಕೆಲಸವನ್ನು ಅವು ಸಂಬಳ ಇಲ್ಲದೆ ಮಾಡುತ್ತಿವೆ. ಎರೆಹುಳು ಸಣ್ಣ ಸಣ್ಣ ಮಣ್ಣಿನ ಗುಡ್ಡೆ ಮಾಡಿದರೆ ಅದಕ್ಕೂ ಔಷಧ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಕಡ್ಡಿ ಪೊರಕೆಯಲ್ಲಿ ಒಮ್ಮೆ ಗುಡಿಸಿದರೆ ಆಯಿತು.

ನೀರಿನ ಲೆಕ್ಕ ಹೇಳಿಬಿಡುತ್ತೇನೆ. ಹುಲ್ಲು ಹಸಿರಾಗಿರಲು ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು. 30 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಅದು ವಾರಕ್ಕೆ 700 ಲೀಟರ್ ಆಗುತ್ತದೆ! ಬೃಂದಾವನದ ಹುಲ್ಲಿಗೆ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಇದೆ, ನಮ್ಮ ಮನೆಗಿರುವುದು ಒಂದು ಸಂಪು. ಕಟ್ಟೆಯಲ್ಲೇ ನೀರು ತಳ ಕಾಣುವ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಹುಲ್ಲಿಗೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮದು ಗರಿಕೆ ಜಾತಿಯ ಹುಲ್ಲಾದರೆ ಮೇ ತಿಂಗಳಲ್ಲಿ ಒಣಗಿದ ಹಾಗೆ ಕಾಣುವುದು ಸಹಜ. ಸತ್ತಿರುವುದಿಲ್ಲ, ಮಲಗಿರುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಅಲ್ಲಿಯವರೆಗೆ ಬೇರು ಉಳಿಯುವಷ್ಟು, ಅಕ್ಕಿ ತೊಳೆದ ನೀರೋ ತರಕಾರಿ ತೊಳೆದ ನೀರೋ ಹಾಕಿದರೆ ಸಾಕು. ಹಾಕುವುದನ್ನು ಬೆಳಗಿನ ಜಾವ ಹಾಕಿ. ದಿನಾ ಒಂದು ಚೂರು ಚಿಮುಕಿಸುವ ಬದಲು, ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವ ಹಾಗೆ ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಮೊದಲ ಬಿಸಿಲಿಗೇ ಸುಟ್ಟುಹೋಗುತ್ತದೆ.

ಎಷ್ಟು ನೀರು ಕೊಟ್ಟರೂ ಒಂದೇ ಜಾಗದಲ್ಲಿ ಪ್ರತಿ ಬೇಸಿಗೆ ಹಳದಿಯಾಗುತ್ತಿದೆಯಾ? ಅಲ್ಲಿ ಒಂದು ಕಬ್ಬಿಣದ ಕಡ್ಡಿ ಚುಚ್ಚಿ ನೋಡಿ. ಮನೆ ಕಟ್ಟುವಾಗ ಹೂತ ಇಟ್ಟಿಗೆ ಚೂರು, ಸಿಮೆಂಟು ತುಣುಕು ಠಣ್ ಅನ್ನುತ್ತದೆ. ಅದಕ್ಕೆ ಯಾವ ಔಷಧವೂ ಇಲ್ಲ, ಗುದ್ದಲಿ ಒಂದೇ.

ಮುಂಗಾರು ಹಿಡಿದ ಮೇಲೆ ಹುಲ್ಲು ಜೋರಾಗಿ ಬೆಳೆಯುತ್ತದೆ. ಆಗ ಎಲ್ಲರಿಗೂ ಬೋಳಿಸುವ ಆಸೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಬ್ಲೇಡ್ ಹರಿತ ಇರಲಿ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ತುದಿಯೆಲ್ಲ ಬೆಳ್ಳಗಾಗುತ್ತದೆ. ಯೂರಿಯಾ ಹಾಕುವುದಾದರೆ ನಾನು ಹೇಳಿದ 30ಕ್ಕೆ 10ರ ಜಾಗಕ್ಕೆ ಕಾಲು ಕಿಲೋ ಸಾಕು, ಹಾಕಿದ ಕೂಡಲೇ ನೀರು ಬಿಡಿ. ಅತಿಯಾದರೆ ಹುಲ್ಲು ಸುಡುತ್ತದೆ, ಇಲ್ಲವೇ ಎಳಸಾಗಿ ಬೆಳೆದು ಸೈನಿಕ ಹುಳುವಿಗೆ ಹಬ್ಬದೂಟವಾಗುತ್ತದೆ. ಈ ಹುಳು ಹಗಲು ಹುಲ್ಲಿನ ಬುಡದಲ್ಲಿ ಅಡಗಿ, ರಾತ್ರಿ ಎಲೆ ಮೇಯುತ್ತದೆ. ಇದೆಯೋ ಇಲ್ಲವೋ ತಿಳಿಯಲು, ಪಾತ್ರೆ ತೊಳೆಯುವ ದ್ರವ ಸೋಪು ಎರಡು ಚಮಚವನ್ನು ಐದಾರು ಲೀಟರ್ ನೀರಿಗೆ ಬೆರೆಸಿ ಒಂದು ಗಜ ಚೌಕಕ್ಕೆ ಸುರಿಯಿರಿ. ಇದ್ದರೆ ಹತ್ತು ನಿಮಿಷದಲ್ಲಿ ಉರಿ ತಾಳದೆ ಮೇಲೆ ಬರುತ್ತದೆ. ಗೊಣ್ಣೆ ಹುಳುವಿಗೆ ಈ ಉಪಾಯ ನಡೆಯುವುದಿಲ್ಲ.

ಬಸವನಹುಳು ಬಂದರೆ ಉಪ್ಪು ಎರಚಬೇಡಿ, ಹುಲ್ಲೂ ಸಾಯುತ್ತದೆ. ರಾತ್ರಿ ಒದ್ದೆ ಗೋಣಿಚೀಲ ಹಾಸಿಟ್ಟು, ಬೆಳಗ್ಗೆ ಎತ್ತಿ, ಕೈಗೆ ಕವರ್ ಹಾಕಿಕೊಂಡು ಆರಿಸಿ. ಬರಿಗೈಯಲ್ಲಿ ಮುಟ್ಟುವುದು ಬೇಡ.

ಕಳೆಗಳಲ್ಲಿ ಕೊನ್ನಾರಿ ಗೆಡ್ಡೆಯದ್ದು ದೊಡ್ಡ ತಲೆನೋವು. ಮೇಲೆ ಎಳೆದರೆ ಎಲೆ ಕೈಗೆ ಬರುತ್ತದೆ, ಕಪ್ಪು ಗೆಡ್ಡೆ ಮಣ್ಣಲ್ಲೇ ಕೂತು ನಗುತ್ತಿರುತ್ತದೆ. ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ದಾರದಂಥ ಬೇರು. ಮಳೆ ಬಂದು ಮಣ್ಣು ಮೆತ್ತಗಿರುವಾಗ, ಹೂ ತೆಗೆಯುವ ಮೊದಲು, ಕುರ್ಪಿ ಹಾಕಿ ಸರಪಳಿ ಸಮೇತ ತೆಗೆಯಬೇಕು. ಒಂದೇ ವರ್ಷಕ್ಕೆ ಹೋಗುವುದಿಲ್ಲ, ಹೋಗುತ್ತದೆ ಅನ್ನುವವರನ್ನು ನಂಬಬೇಡಿ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಚೆನ್ನಾಗಿರುತ್ತದೆ. ಆಗ ಸಂಜೆ ಹೊತ್ತು ನೀರು ಹಾಕಿದರೆ ರಾತ್ರಿಯೆಲ್ಲ ಎಲೆ ಒದ್ದೆ ಉಳಿದು ಬೂಷ್ಟು ರೋಗ ಬರುತ್ತದೆ, ದುಂಡಗೆ ಚಕ್ರ ಚಕ್ರವಾಗಿ ಕಂದುತ್ತದೆ. ಎಳೆದರೆ ಹುಲ್ಲು ಬೇರು ಸಮೇತ ಗಟ್ಟಿಯಾಗಿ ಕೂತಿದ್ದರೆ ಅದು ಬೂಷ್ಟು, ಸಲೀಸಾಗಿ ಎದ್ದು ಬಂದರೆ ಗೊಣ್ಣೆ ಹುಳು. ಡಿಸೆಂಬರ್, ಜನವರಿಯಲ್ಲಿ ಚಳಿಗೆ ಬೆಳವಣಿಗೆ ನಿಧಾನ. ಆಗ ಗೊಬ್ಬರವೂ ಬೇಡ, ಪದೇ ಪದೇ ಕತ್ತರಿಸುವುದೂ ಬೇಡ.

ಇಷ್ಟಾದ ಮೇಲೂ ಔಷಧ ಕೊಳ್ಳಲೇಬೇಕಾಗಿ ಬಂದರೆ ಡಬ್ಬಿ ತಿರುಗಿಸಿ ನೋಡಿ. ಅದರ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ವಿಷ ಇಲ್ಲ ಅಂತಲ್ಲ, ಕಡಿಮೆ ಅಂತ ಅಷ್ಟೇ. ಮಕ್ಕಳು, ನಾಯಿ ಆಡುವ ಅಂಗಳಕ್ಕೆ ಕೆಂಪು, ಹಳದಿ ತರಲೇಬೇಡಿ. ಹಿಂದೆ ಗೊಣ್ಣೆ ಹುಳುವಿಗೆ ಥಿಮೆಟ್ ಹರಳು ಎರಚುತ್ತಿದ್ದರು. ಅದರೊಳಗಿದ್ದ ಫೋರೇಟನ್ನು 2020ರ ಕೊನೆಯಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಹಳೆ ದಾಸ್ತಾನು ಅಂತ ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ.

ಮತ್ತೆ, ಔಷಧ ಹೊಡೆದ ಅಂಗಳದ ಗರಿಕೆಯನ್ನು ಕಿತ್ತು ರಸ ಮಾಡಿ ಕುಡಿಯುವ ಅಭ್ಯಾಸ ಇರುವವರು ಅದನ್ನು ನಿಲ್ಲಿಸಿ. ಗೇಟಿನ ಹೊರಗೆ ಹುಲ್ಲು ಹಬ್ಬಿದ್ದರೆ, ಬೆಳಗ್ಗೆ ಗಣಪತಿ ಪೂಜೆಗೆ ಅಂತ ಕೀಳಲು ಬರುವ ಅಜ್ಜಿಯರಿಗೂ ಒಂದು ಮಾತು ಹೇಳಿ. ನಮಸ್ಕಾರ.