ಆ ಗುಂಯ್ ಸದ್ದು ಎಲ್ಲಿಂದ ಬರುತ್ತಿದೆ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆನ್ ಮಾಡಿದ್ದೀರಿ, ಸ್ಪೀಕರ್ ಆನ್ ಮಾಡಿದ್ದೀರಿ, ಇನ್ನೂ ಏನೂ ಹಾಕಿಲ್ಲ. ಆಗಲೇ ಹಿಂದೆ ಏನೋ ಒಂದು ಗುಂಯ್ ಅಂತಲೋ ಝೀ ಅಂತಲೋ ಕೇಳಿಸುತ್ತಾ ಇರುತ್ತದೆ. ಅಥವಾ ಹಾಡು ಚೆನ್ನಾಗಿ ಬರುತ್ತಿರುವಾಗ ನಡುವೆ ಟಪ್ ಅಂತ ಒಂದು ಸದ್ದು, ಆಮೇಲೆ ಮತ್ತೆ ಎಲ್ಲ ಸರಿ. ಇವತ್ತು ಮಾತಾಡುವುದು ಇದರ ಬಗ್ಗೆಯೇ.

ನನ್ನ ಮೇಜಿನ ಮೇಲೂ ಇಂಥದ್ದೊಂದು ಸದ್ದು ಮೂರು ತಿಂಗಳು ಇತ್ತು. ಸಣ್ಣಗೆ, ಕೀರಲು ದನಿ, ಮೌಸ್ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು. ಕೇಬಲ್ ಬದಲಾಯಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, ಆಡಿಯೋ ಇಂಟರ್ಫೇಸ್, ಅಂದರೆ ಕಂಪ್ಯೂಟರ್ ಮತ್ತು ಸ್ಪೀಕರ್ ನಡುವೆ ಇರುವ ಸೌಂಡ್ ಪೆಟ್ಟಿಗೆ, ಕೆಟ್ಟಿದೆ ಅಂದುಕೊಂಡು ಹೊಸದು ನೋಡಲು ಶುರು ಮಾಡಿದ್ದೆ. ಒಂದು ಸಂಜೆ ಲ್ಯಾಪ್‌ಟಾಪನ್ನು ಸ್ವಲ್ಪ ಪಕ್ಕಕ್ಕೆ ಎಳೆದಾಗ ಚಾರ್ಜರ್ ಪಿನ್ ಕಳಚಿತು. ಅದೇ ಕ್ಷಣ ಸದ್ದು ನಿಂತಿತು. ಪಿನ್ ಮತ್ತೆ ಚುಚ್ಚಿದೆ, ಬಂತು. ತೆಗೆದೆ, ಹೋಯಿತು. ಅಷ್ಟು ದಿನ ನಾನು ವಸ್ತು ಬದಲಾಯಿಸುತ್ತಿದ್ದೆನೇ ಹೊರತು ಒಂದು ಸಲವೂ ಏನನ್ನೂ ಕಳಚಿ ನೋಡಿರಲಿಲ್ಲ. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟೇ: ಕೊಳ್ಳುವ ಮೊದಲು ಕಳಚಿ. ಒಂದೊಂದನ್ನೇ, ಒಂದು ಸಲಕ್ಕೆ ಒಂದೇ.

ಕಳಚುವುದಕ್ಕೂ ಮುಂಚೆ ಕೇಳಿಸಿಕೊಳ್ಳಬೇಕು. ಹಾಡು ನಿಲ್ಲಿಸಿ ನೋಡಿ. ನಿಲ್ಲಿಸಿದ ಮೇಲೂ ಸದ್ದು ಇದ್ದರೆ ಬಹುತೇಕ ಅದು ವಿದ್ಯುತ್ತಿನ ಕಡೆಯದು. ಹಾಡು ಓಡುವಾಗ ಮಾತ್ರ ಟಪ್ ಟಪ್ ಅನ್ನುತ್ತದೆ, ನಿಲ್ಲಿಸಿದರೆ ಶುದ್ಧ ಮೌನ ಅಂದರೆ, ಅದು ಹೆಚ್ಚಾಗಿ ಡಿಜಿಟಲ್ ಕಡೆಯದು. ಇವೆರಡರ ದಾರಿ ಪೂರ್ತಿ ಬೇರೆ. ಬಫರ್ ಸೆಟ್ಟಿಂಗ್ ಬದಲಿಸಿ ಗುಂಯ್ ಸದ್ದು ಹೋಗಲಿ ಅಂತ ಕಾಯುವವರನ್ನು ನೋಡಿದ್ದೇನೆ, ದುಬಾರಿ ಕೇಬಲ್ ಹಾಕಿ ಟಪ್ ಸದ್ದು ಹೋಗಲಿ ಅಂತ ಕಾಯುವವರನ್ನೂ ನೋಡಿದ್ದೇನೆ. ಎರಡೂ ಆಗುವುದಿಲ್ಲ.

ಮೊದಲು ವಿದ್ಯುತ್ತಿನ ಕಡೆ ಹೋಗೋಣ. ಇದರಲ್ಲಿ ಹೇಳುವುದು ಜಾಸ್ತಿ ಇದೆ.

ಗೋಡೆಯ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ, ಕೆಲವು ದೇಶಗಳಲ್ಲಿ 60 ಸಲ. ಅದು ನೇರವಾಗಿ ಆಡಿಯೋಗೆ ಸೇರಿದರೆ ತಗ್ಗಿನ, ದುಂಡಗಿನ ಗುಂಯ್ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಆಡಿಯೋ ಕೇಬಲ್ ಹಾದುಹೋಗಿದ್ದರೆ ಹೀಗಾಗುತ್ತದೆ, ಕೇಬಲನ್ನು ಒಂದು ಗೇಣು ಆಚೆ ಸರಿಸಿದರೆ ಸದ್ದು ಬದಲಾಗುವುದು ಕೇಳಿಸುತ್ತದೆ. ಇನ್ನು ಗೋಡೆಯ ಎಸಿ ಕರೆಂಟನ್ನು ಡಿಸಿ ಮಾಡುವಾಗ ಅಲೆಯ ಎರಡೂ ಅರ್ಧ ಬಳಕೆಯಾಗುವುದರಿಂದ 100 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 100 ಸಲದ್ದು, ಅದರ ಮೇಲಿನ 200, 300 ಎಲ್ಲ ಸೇರಿಕೊಂಡು ಒರಟಾದ ಝೀ ಆಗುತ್ತದೆ. ದೀಪದ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಕೂಡ ಇಂಥದ್ದೇ ಒರಟು ಸದ್ದು ತರುತ್ತವೆ. ಅದನ್ನು ಹಿಡಿಯುವುದು ಬಹಳ ಸುಲಭ, ಡಿಮ್ಮರ್ ತಿರುಗಿಸಿದಾಗ ಸದ್ದಿನ ಗುಣವೂ ಬದಲಾಗುತ್ತದೆ.

ಕೀರಲು ದನಿಯ ಕಥೆ ಬೇರೆ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕ್ಲುಪ್ತವಾಗಿ ತಾಳ ಹಾಕಿದಂತೆ ಮಾಹಿತಿ ಕಳಿಸುತ್ತದೆ. ಹಳೆಯ ಫುಲ್ ಸ್ಪೀಡ್‌ನಲ್ಲಿ 1 ಮಿಲಿಸೆಕೆಂಡಿಗೆ ಒಂದು ಸಲ, ಹೈ ಸ್ಪೀಡ್‌ನಲ್ಲಿ 125 ಮೈಕ್ರೋಸೆಕೆಂಡಿಗೆ ಒಂದು ಸಲ. ಅಂದರೆ 1000 ಹರ್ಟ್ಸ್ ಮತ್ತು 8000 ಹರ್ಟ್ಸ್. ಎರಡೂ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸುವ ಜಾಗದಲ್ಲೇ ಇವೆ. ಅದರ ಜೊತೆಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಕೆಲಸಕ್ಕೆ ತಕ್ಕಂತೆ ಏರಿಳಿಯುತ್ತದೆ. ಪುಟ ಸ್ಕ್ರೋಲ್ ಮಾಡಿದರೆ ಸ್ಪೀಕರ್‌ನಲ್ಲಿ ಕಿರ್ ಕಿರ್ ಅನ್ನುವುದು ಇದಕ್ಕೇ.

ಈಗ ನಿಜವಾದ ಖಳನಾಯಕ, ಗ್ರೌಂಡ್ ಲೂಪ್. ಈ ಹೆಸರನ್ನು ಎಲ್ಲರೂ ಕೇಳಿರುತ್ತಾರೆ, ಆದರೆ ಒಳಗೆ ಏನಾಗುತ್ತದೆ ಅಂತ ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಪರಿಹಾರಗಳು ತಾವಾಗಿಯೇ ಹೊಳೆಯುತ್ತವೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಕಂಪ್ಯೂಟರ್‌ಗೆ ಮೂರು ಪಿನ್ನಿನ ಪ್ಲಗ್ ಇದೆ, ಅದು ಅರ್ಥ್‌ಗೆ ಸೇರಿದೆ. ಒಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಸ್ಪೀಕರ್‌ಗೂ ಮೂರು ಪಿನ್, ಅದೂ ಅರ್ಥ್‌ಗೆ ಸೇರಿದೆ. ಇವೆರಡರ ನಡುವೆ ನೀವು ಆಡಿಯೋ ಕೇಬಲ್ ಹಾಕಿದಿರಿ. ಕೇಬಲ್‌ನ ಹೊರಜಾಲರಿಯೂ ತಂತಿಯೇ ಅಲ್ವಾ? ಈಗ ಅರ್ಥ್ ಮೂಲಕ ಒಂದು ದಾರಿ, ಜಾಲರಿ ಮೂಲಕ ಇನ್ನೊಂದು ದಾರಿ, ಸೇರಿ ಒಂದು ಸುತ್ತು ಆಯಿತು. ಆ ಸುತ್ತಿನಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಜಾಲರಿಗೆ 0.1 ಓಮ್ ರೆಸಿಸ್ಟೆನ್ಸ್ ಇದ್ದು ಅದರಲ್ಲಿ 10 ಮಿಲಿಆಂಪ್ ಹರಿದರೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಒಂದು ಮಿಲಿವೋಲ್ಟ್ ಏನು ಮಹಾ ಅನ್ನಬೇಡಿ. ಮನೆಬಳಕೆಯ ಸಾಧನಗಳ ಲೈನ್ ಸಿಗ್ನಲ್ ಇರುವುದೇ ಸುಮಾರು 316 ಮಿಲಿವೋಲ್ಟ್. ಅದಕ್ಕಿಂತ ಬರೀ 50 ಡೆಸಿಬೆಲ್ ಕೆಳಗೆ ಈ ಸದ್ದು ಕೂತಿರುತ್ತದೆ. ಮೆಲ್ಲನೆಯ ಆಲಾಪ ಬಂದಾಗ ಸ್ಪಷ್ಟವಾಗಿ ಕೇಳಿಸುತ್ತದೆ.

ಸಾಮಾನ್ಯ ಕೇಬಲ್‌ನಲ್ಲಿ ತೊಂದರೆ ಏನೆಂದರೆ, ಆ ಜಾಲರಿಯೇ ಸಿಗ್ನಲ್‌ನ ವಾಪಸ್ ದಾರಿ ಕೂಡ. ಹಾಗಾಗಿ ಅಲ್ಲಿ ಹುಟ್ಟಿದ್ದೆಲ್ಲ ಹಾಡಿಗೆ ಸೇರಿಕೊಳ್ಳುತ್ತದೆ. ಬ್ಯಾಲೆನ್ಸ್ಡ್ ಕೇಬಲ್ ಇಲ್ಲೇ ಗೆಲ್ಲುವುದು. ಅದರೊಳಗೆ ಸಿಗ್ನಲ್‌ಗೆ ಎರಡು ತಂತಿ, ಜಾಲರಿ ಬೇರೆ. ಸ್ಪೀಕರ್ ಆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಹೊರಗಿನ ಗಲಾಟೆ ಎರಡಕ್ಕೂ ಸಮನಾಗಿ ತಾಗುವುದರಿಂದ ಕಳೆದು ಹೋಗುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಗಿಟಾರ್‌ಗೆ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಮಾಡಿದ್ದೂ ಇದೇ ಕಳೆಯುವ ಲೆಕ್ಕದಿಂದ. ಎರಡು ಸುರುಳಿ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತವನ್ನೂ ಉಲ್ಟಾ ಮಾಡಿದರೆ ಗಿಟಾರ್ ತಂತಿಯ ನಾದ ಕೂಡುತ್ತದೆ, ಗುಂಯ್ ಕಳೆಯುತ್ತದೆ. ನನಗೆ ಇದು ಇಡೀ ಎಲೆಕ್ಟ್ರಾನಿಕ್ಸ್‌ನಲ್ಲೇ ಬಹಳ ಇಷ್ಟವಾದ ಉಪಾಯ.

ಆದ್ದರಿಂದ ನಿಮ್ಮ ಇಂಟರ್ಫೇಸ್‌ಗೆ ಬ್ಯಾಲೆನ್ಸ್ಡ್ ಔಟ್ ಇದ್ದು, ಸ್ಪೀಕರ್‌ಗೆ ಬ್ಯಾಲೆನ್ಸ್ಡ್ ಇನ್ ಇದ್ದರೆ, ಮೊದಲು ಕೈಯಲ್ಲಿರುವ ಕೇಬಲ್ ನೋಡಿ. ಜಾಕ್ ಮೇಲೆ ಎರಡು ಕಪ್ಪು ಉಂಗುರ ಇದ್ದರೆ ಅದು ಟಿಆರ್‌ಎಸ್. ಒಂದೇ ಉಂಗುರ ಇದ್ದರೆ ಟಿಎಸ್, ಬ್ಯಾಲೆನ್ಸ್ಡ್ ಅಲ್ಲ. ಎರಡೂ ಕಡೆ ಒಳ್ಳೆಯ ಸಾಧನ ಇಟ್ಟು ನಡುವೆ ಟಿಎಸ್ ಹಾಕಿ ತಿಂಗಳುಗಟ್ಟಲೆ ಒದ್ದಾಡಿದವರು ನನಗೆ ಗೊತ್ತು.

ಬ್ಯಾಲೆನ್ಸ್ಡ್ ಹಾಕಿದರೂ ಗುಂಯ್ ಹೋಗದಿದ್ದರೆ? ಆಗುತ್ತದೆ. ಕೆಲವು ಸಾಧನಗಳಲ್ಲಿ ಕೇಬಲ್‌ನ ಜಾಲರಿಯನ್ನು ಲೋಹದ ಪೆಟ್ಟಿಗೆಗೆ ಸೇರಿಸುವ ಬದಲು ಒಳಗಿನ ಸರ್ಕ್ಯೂಟ್‌ನ ಗ್ರೌಂಡ್‌ಗೆ ಸೇರಿಸಿರುತ್ತಾರೆ. ಜಾಲರಿಯ ಕೊಳೆಯೆಲ್ಲ ನಡುಮನೆಗೇ ಬಂದಂತೆ. ನೀಲ್ ಮನ್ಸಿ ಎಂಬುವರು 1995ರಲ್ಲಿ ಇದನ್ನು ವಿವರವಾಗಿ ಬರೆದರು, ಅಂದಿನಿಂದ ಇದಕ್ಕೆ ಪಿನ್ 1 ಸಮಸ್ಯೆ ಅಂತಲೇ ಹೆಸರು. ಮೈಕ್‌ಗಳಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನಲ್ಲಿ ಜಾಲರಿ ಸೇರುವುದು 1ನೇ ಪಿನ್‌ಗೆ. ಇದು ತಯಾರಿಸುವಾಗಲೇ ಆದ ತಪ್ಪು. ಸರಿ ಹೋಗಬೇಕಾದರೆ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕಾಗಬಹುದು. ಅದು ಸಿಗ್ನಲನ್ನು ಅಯಸ್ಕಾಂತದ ಮೂಲಕ ದಾಟಿಸುತ್ತದೆ, ತಂತಿಯ ಸಂಪರ್ಕ ಇರುವುದಿಲ್ಲ. ಅಗ್ಗದವು ತಗ್ಗಿನ ಸ್ವರಗಳನ್ನು ಸ್ವಲ್ಪ ಕೆಡಿಸುತ್ತವೆ, ಅದು ಗೊತ್ತಿರಲಿ.

ಬೇರೆ ದಾರಿಗಳೂ ಇವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ, ಖರ್ಚಿಲ್ಲದ ಪ್ರಯೋಗ, ಎಷ್ಟೋ ಸಲ ಇಷ್ಟಕ್ಕೇ ಸದ್ದು ತುಂಬಾ ಇಳಿಯುತ್ತದೆ. ಆಪ್ಟಿಕಲ್ ಕೇಬಲ್ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಹೋಗುವುದು ಬೆಳಕು, ಸುತ್ತು ಅಲ್ಲಿಗೇ ಮುಗಿಯಿತು. ತಂತಿಯ ಸಂಪರ್ಕ ಕಡಿದು ಮಾಹಿತಿಯನ್ನು ಮಾತ್ರ ದಾಟಿಸುವ ಯುಎಸ್‌ಬಿ ಐಸೊಲೇಟರ್ ಕೂಡ ಕೆಲಸ ಮಾಡುತ್ತದೆ, ಆದರೆ ಕೊಳ್ಳುವಾಗ ಒಂದು ನೋಡಿಕೊಳ್ಳಿ. ಅಗ್ಗದ ಅನೇಕ ಐಸೊಲೇಟರ್‌ಗಳು 12 ಮೆಗಾಬಿಟ್‌ನ ಫುಲ್ ಸ್ಪೀಡ್ ಮಾತ್ರ ದಾಟಿಸುತ್ತವೆ. ನಿಮ್ಮ ಇಂಟರ್ಫೇಸ್ 480 ಮೆಗಾಬಿಟ್‌ನ ಹೈ ಸ್ಪೀಡ್ ಬೇಡುವಂಥದ್ದಾದರೆ ಅದು ನಡೆಯುವುದೇ ಇಲ್ಲ. ಪವರ್ ಕೊಟ್ಟ ಯುಎಸ್‌ಬಿ ಹಬ್ ಹಾಕಿದರೆ ಲೂಪ್ ಹೋಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಬ್‌ನೊಳಗೆ ಗ್ರೌಂಡ್ ತಂತಿ ಆ ಕಡೆಯಿಂದ ಈ ಕಡೆಗೆ ಹಾಗೇ ಹಾದುಹೋಗಿರುತ್ತದೆ, ಲೂಪ್ ಎಲ್ಲಿ ಕಡಿಯಿತು?

ಇನ್ನು ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಹಾಕಬೇಡಿ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಕೂಡ ಬೇಡ. ಹೌದು, ಗುಂಯ್ ಹೋಗುತ್ತದೆ, ಯಾಕೆಂದರೆ ಸುತ್ತು ಕಡಿದಿದೆ. ಆದರೆ ನಾಳೆ ಒಳಗೆ ಲೈವ್ ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದರೆ ಆ ಕರೆಂಟ್ ಹೋಗಲು ಅರ್ಥ್ ದಾರಿ ಇಲ್ಲ. ಫ್ಯೂಸ್ ಹಾರುವುದಿಲ್ಲ, ಬ್ರೇಕರ್ ಬೀಳುವುದಿಲ್ಲ. ನೀವು ಹೋಗಿ ಮುಟ್ಟುವವರೆಗೆ ಕಾಯುತ್ತಿರುತ್ತದೆ. ಮೈಕ್‌ಗೆ ತುಟಿ ತಾಗಿಸಿ ಹಾಡುವವರನ್ನು ನೆನೆಸಿಕೊಳ್ಳಿ. ಲೂಪನ್ನು ಕಡಿಯುವುದು ಆಡಿಯೋ ಕಡೆಯಲ್ಲಿ, ಪವರ್ ಕಡೆಯಲ್ಲಿ ಅಲ್ಲ. ನನ್ನ ಲ್ಯಾಪ್‌ಟಾಪ್‌ಗೂ ಕೊನೆಗೆ ಮಾಡಿದ್ದು ಅದನ್ನೇ. ಚಾರ್ಜರ್ ಮುಟ್ಟಲಿಲ್ಲ, ಸ್ಪೀಕರ್‌ಗೆ ಹೋಗುವ ಎರಡು ಕೇಬಲ್ ಟಿಎಸ್ ಇದ್ದವು, ಅವನ್ನು ಟಿಆರ್‌ಎಸ್ ಮಾಡಿದೆ.

ಕೆಲವು ಚಿಕ್ಕ ವಿಷಯ ಬೇಗ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್ ಕ್ಯಾಬಿನೆಟ್‌ನ ಮುಂದಿನ ಜಾಕ್‌ನಲ್ಲಿ ಸದ್ದು ಇದ್ದು ಹಿಂದಿನದರಲ್ಲಿ ಇಲ್ಲದಿದ್ದರೆ ಹಿಂದಿನದನ್ನೇ ಬಳಸಿ. ಮುಂದಿನದರ ವೈರ್ ಇಡೀ ಮದರ್‌ಬೋರ್ಡ್ ದಾಟಿ ಬಂದಿರುತ್ತದೆ. ಫೋನ್ ಹತ್ತಿರ ಇದ್ದಾಗ ಡಡ ಡಡ ಅಂತ ಬರುವುದು 2ಜಿ ಸಿಗ್ನಲ್‌ನಿಂದ, ಅದರ ಮಿಡಿತ ಸುಮಾರು 217 ಹರ್ಟ್ಸ್, ಫೋನ್ ದೂರ ಇಟ್ಟರೆ ಆಯಿತು. ಬರೀ ಉಸ್ ಅನ್ನುವುದಾದರೆ ಅದು ಲೂಪ್ ಅಲ್ಲ, ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಪ್ರಮಾಣ, ಜಾಸ್ತಿ ಆಗಿದೆ. ಕಂಪ್ಯೂಟರ್ ವಾಲ್ಯೂಮ್ ಮೇಲೆ ಇಟ್ಟು ಸ್ಪೀಕರ್ ವಾಲ್ಯೂಮ್ ಇಳಿಸಿ, ಉಸ್ ಕೆಳಗೆ ಹೋಗುತ್ತದೆ.

ಈಗ ಟಪ್ ಟಪ್ ಕಡೆಗೆ. ಕಂಪ್ಯೂಟರ್ ಆಡಿಯೋವನ್ನು ಒಂದೇ ಧಾರೆಯಾಗಿ ಕಳಿಸುವುದಿಲ್ಲ, ಕಟ್ಟು ಕಟ್ಟಿ ಕಳಿಸುತ್ತದೆ. ಆ ಕಟ್ಟೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಅಳತೆಗಳು, ಇದ್ದಾಗ, 64 ಸ್ಯಾಂಪಲ್‌ನ ಬಫರ್ ಅಂದರೆ 1.3 ಮಿಲಿಸೆಕೆಂಡಿಗೊಂದು ಕಟ್ಟು ಸಿದ್ಧವಾಗಬೇಕು. 256 ಇಟ್ಟರೆ 5.3 ಮಿಲಿಸೆಕೆಂಡ್ ಸಮಯ ಸಿಗುತ್ತದೆ, 1024 ಇಟ್ಟರೆ 21.3. ಒಂದು ಕಟ್ಟು ತಡವಾದರೂ ಅಲ್ಲೊಂದು ರಂಧ್ರ ಬೀಳುತ್ತದೆ, ಅದೇ ಟಪ್. ಪ್ರೊಸೆಸರ್ 15 ಶೇಕಡಾ ಮಾತ್ರ ಬಳಕೆಯಲ್ಲಿದೆ, ಆದರೂ ಯಾಕೆ ಟಪ್ ಅಂತ ಕೇಳುತ್ತಾರೆ. ಸರಾಸರಿಯಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ವೈಫೈ ಡ್ರೈವರ್ ಒಂದು ಸಲ 2 ಮಿಲಿಸೆಕೆಂಡ್ ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ 64ರ ಬಫರ್ ಸೋತಿತು. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಉಪಕರಣ ಯಾವ ಡ್ರೈವರ್ ಹೀಗೆ ಹಿಡಿದುಕೊಳ್ಳುತ್ತಿದೆ ಅಂತ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಆಡಿಯೋ ನಡೆಸುವ ಪೈಪ್‌ವೈರ್ ಇದ್ದರೆ ಪಿಡಬ್ಲ್ಯು-ಟಾಪ್ ಎಂಬ ಕಮಾಂಡ್‌ನ ಎರರ್ ಕಾಲಂ ನೋಡಿ, ಟಪ್ ಅಂದಾಗಲೆಲ್ಲ ಅಲ್ಲಿ ಸಂಖ್ಯೆ ಏರಿದರೆ ಕಳ್ಳ ಸಿಕ್ಕಿದ ಹಾಗೆ. ಸುಮ್ನೆ ಹಾಡು ಕೇಳುವವರಿಗೆ 1024 ಇಟ್ಟರೆ ಏನೂ ನಷ್ಟವಿಲ್ಲ. ಹಾಡಿ ರೆಕಾರ್ಡ್ ಮಾಡುವವರಿಗೆ ತಮ್ಮ ದನಿ ತಡವಾಗಿ ಕಿವಿಗೆ ಬರುತ್ತದೆ. ಅವರು ಇಂಟರ್ಫೇಸ್‌ನ ಡೈರೆಕ್ಟ್ ಮಾನಿಟರ್ (ಕಂಪ್ಯೂಟರ್ ದಾಟದೆ ದನಿಯನ್ನು ನೇರವಾಗಿ ಕೇಳಿಸುವ ಸೌಲಭ್ಯ) ಬಳಸಿದರೆ ಬಫರ್ ದೊಡ್ಡದಾಗಿಯೇ ಇಡಬಹುದು.

ಟಪ್ ಸದ್ದು ಗಡಿಯಾರ ಹಿಡಿದಂತೆ ಕ್ಲುಪ್ತ ಸಮಯಕ್ಕೆ ಬರುತ್ತಿದ್ದರೆ ಬಫರ್ ಬಿಡಿ, ಬೇರೆ ಕಡೆ ನೋಡಿ. ಎರಡು ಡಿಜಿಟಲ್ ಸಾಧನ ಸೇರಿಸಿದ್ದೀರಾ? ಪ್ರತಿಯೊಂದರ ಒಳಗೂ ಒಂದು ಸ್ಫಟಿಕದ ಗಡಿಯಾರ ಇದೆ, ಎರಡೂ 48,000 ಅಂತಲೇ ಎಣಿಸುತ್ತವೆ, ಆದರೆ ಯಾವ ಎರಡು ಗಡಿಯಾರವೂ ಒಂದೇ ಸಮ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ 2.4 ಸ್ಯಾಂಪಲ್ ಆಚೀಚೆ ಆಗುತ್ತದೆ. 256 ಸ್ಯಾಂಪಲ್‌ನ ಜಾಗ ತುಂಬಲು ಸುಮಾರು 107 ಸೆಕೆಂಡ್. ಅಂದರೆ ಒಂದೂಮುಕ್ಕಾಲು ನಿಮಿಷಕ್ಕೊಂದು ಟಪ್, ತಪ್ಪದೆ. ನಾನು ಒಮ್ಮೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತು ಇದನ್ನು ಕಂಡುಹಿಡಿದೆ, ಅಂದು ಆದ ಸಂತೋಷ ಇನ್ನೂ ನೆನಪಿದೆ. ಒಂದನ್ನು ಇಂಟರ್ನಲ್ ಕ್ಲಾಕ್‌ಗೆ ಇಟ್ಟು, ಇನ್ನೊಂದನ್ನು ಅದನ್ನೇ ಅನುಸರಿಸುವಂತೆ ಎಕ್ಸ್‌ಟರ್ನಲ್‌ಗೆ ಇಡಿ. ಮ್ಯಾಕ್‌ನಲ್ಲಿ ಎರಡು ಸಾಧನ ಕೂಡಿಸಿ ಅಗ್ರಿಗೇಟ್ ಡಿವೈಸ್ ಮಾಡಿದ್ದರೆ ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಿ.

ಇನ್ನೊಂದು ಟಪ್ ಇದೆ, ಹಾಡು ಶುರುವಾಗುವಾಗ ಒಂದು, ಮುಗಿದು ಕೆಲವು ಸೆಕೆಂಡ್ ಆದ ಮೇಲೆ ಒಂದು. ಅದು ದೋಷವಲ್ಲ, ಕರೆಂಟ್ ಉಳಿಸಲು ಸೌಂಡ್ ಚಿಪ್ ಮಲಗಿ ಏಳುವ ಸದ್ದು. ಪವರ್ ಸೇವಿಂಗ್ ಆಫ್ ಮಾಡಿದರೆ ನಿಲ್ಲುತ್ತದೆ.

ಇಲ್ಲಿ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಒಂದು ಇಂಟರ್ಫೇಸ್, ಎರಡು ಸ್ಪೀಕರ್ ಇಟ್ಟಿದ್ದೇನೆ. ಬೇಕೆಂದೇ ಟಿಎಸ್ ಕೇಬಲ್ ಹಾಕಿದ್ದೇನೆ. ಈಗ ಚಾರ್ಜರ್ ಚುಚ್ಚುತ್ತೇನೆ, ಎಲ್ಲರೂ ಒಂದು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳಿ. ಆಮೇಲೆ ಒಬ್ಬೊಬ್ಬರಾಗಿ ಬಂದು ಒಂದೊಂದು ವೈರ್ ಕಳಚಿ ನೋಡಿ, ಯಾವಾಗ ನಿಂತಿತು ಅಂತ ನೀವೇ ಹೇಳಿ.