ಹುಣಸೆ ಕೊರಡು ಮತ್ತು ಬ್ಲೀಚಿಂಗ್ ಪೌಡರ್

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತಾಗ ನಮ್ಮ ಕಣ್ಣೆಲ್ಲ ಮಾಂಸದ ಮೇಲೆ ಇರುತ್ತದೆ. ಎಳೆಯದಾ, ಬಲಿತದ್ದಾ ಅಂತ ನೋಡುತ್ತೇವೆ. ಅದರ ಕೆಳಗಿರುವ ಮರದ ಕೊರಡನ್ನು ಯಾರೂ ನೋಡುವುದಿಲ್ಲ, ಅಲ್ವಾ?

ನಮ್ಮ ಕಡೆ ಆ ಕೊರಡಿಗೆ ಹುಣಸೆ ಮರ ಅಂದರೆ ಇಷ್ಟ. ಮಚ್ಚಿನ ಏಟು ತಡೆಯುತ್ತದೆ. ಆದರೂ ವರ್ಷಗಟ್ಟಲೆ ಕಡಿದರೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ರಕ್ತ, ಕೊಬ್ಬು, ಮೂಳೆಚೂರು ಸೇರಿಕೊಳ್ಳುತ್ತವೆ. ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಪ್ರಾಣಿಯ ಕರುಳಿನಿಂದ, ಚರ್ಮದಿಂದ ಮಾಂಸಕ್ಕೆ ತಾಗಿ, ಅಲ್ಲಿಂದ ಈ ಬಿರುಕಿಗೆ ಇಳಿಯುತ್ತವೆ. ಬೆಚ್ಚಗಿನ ಹವೆಯಲ್ಲಿ, ಒದ್ದೆ ಜಾಗದಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಯಲ್ಲಿ 4096!

ಸಂಜೆ ಅಂಗಡಿ ಮುಚ್ಚುವಾಗ ಒಂದು ಬಕೆಟ್ ನೀರು ಸುರಿದು, ಮೇಲೆ ಬ್ಲೀಚಿಂಗ್ ಪೌಡರ್ ಎರಚುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಘಾಟು ಬಂತು ಅಂದರೆ ಕೆಲಸ ಆಯಿತು ಅಂತ ನಂಬಿಕೆ. ನಿಜವಾಗಿ ಆಗುವುದೇ ಬೇರೆ. ಬ್ಯಾಕ್ಟೀರಿಯಾ ಕೊಲ್ಲುವುದು ಪೌಡರ್‌ನಲ್ಲಿರುವ ಕ್ಲೋರಿನ್. ಅದು ಕೊರಡಿನ ಮೇಲಿನ ರಕ್ತ, ಕೊಳೆಯ ಜೊತೆ ಸೇರಿ ಖರ್ಚಾಗಿಬಿಡುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಉಳಿಯುವುದು ಸ್ವಲ್ಪ. ಪೌಡರ್ ಡಬ್ಬ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡೇ ಇದ್ದರೆ ಆ ಸ್ವಲ್ಪವೂ ಇರುವುದಿಲ್ಲ.

ಹಾಗಾಗಿ ಮೊದಲು ಕೊರಡನ್ನು ಚೆನ್ನಾಗಿ ಕೆರೆಯಬೇಕು. ಆಮೇಲೆ ಸೋಪು, ಗಟ್ಟಿ ಬ್ರಷ್. ನೀರು ತಣ್ಣಗಿರಲಿ ಅಥವಾ ಉಗುರು ಬೆಚ್ಚಗಿರಲಿ. ಶುರುವಿನಲ್ಲೇ ಕುದಿನೀರು ಸುರಿದರೆ ರಕ್ತ ಅಲ್ಲೇ ಬೆಂದು ಅಂಟುತ್ತದೆ, ಪಾತ್ರೆಗೆ ಮೊಟ್ಟೆ ಹಿಡಿದ ಹಾಗೆ. ಕೊಳೆ ಹೋದ ಮೇಲೆ ಕ್ಲೋರಿನ್ ಸರದಿ. ಹೊಸ ಪೌಡರ್ ಆದರೆ 10 ಲೀಟರ್ ನೀರಿಗೆ ಸುಮಾರು 7 ಗ್ರಾಂ ಸಾಕು, ಅಂದರೆ ಎರಡು ಟೀ ಚಮಚದಷ್ಟು. ಆ ನೀರಿನಲ್ಲಿ ಹತ್ತು ನಿಮಿಷ ನೆನೆಯಲಿ. ಆಮೇಲೆ ಒಳ್ಳೆ ನೀರಿನಲ್ಲಿ ತೊಳೆದು, ರಾತ್ರಿಯೆಲ್ಲ ಒಣಗಲು ಬಿಡಬೇಕು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಮಾತ್ರ ಬೆರೆಸಲೇಬೇಡಿ. ವಿಷದ ಗಾಳಿ ಏಳುತ್ತದೆ.

ಅಂಗಡಿಯವರನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. ನಲ್ಲಿಯೇ ಇಲ್ಲದ ಮಾರುಕಟ್ಟೆಯಲ್ಲಿ, ಮೋರಿ ಕಟ್ಟಿಕೊಂಡ ಜಾಗದಲ್ಲಿ ಅವರು ತಾನೇ ಏನು ತೊಳೆಯುತ್ತಾರೆ? ನೀರು, ಚರಂಡಿ ಕೊಡಬೇಕಾದವರು ಕೊಡಲಿ.

ಮನೆಯಲ್ಲೂ ಒಂದು ಮಾತು. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಹನಿ ಸಿಡಿದು ಪಕ್ಕದಲ್ಲಿರುವ ಕೊತ್ತಂಬರಿ ಸೊಪ್ಪಿನ ಮೇಲೆ ಬೀಳುತ್ತದೆ. ಕೋಳಿ ಬೇಯುತ್ತದೆ, ಸೊಪ್ಪನ್ನು ನಾವು ಹಸಿಯಾಗೇ ಉದುರಿಸಿಕೊಳ್ಳುತ್ತೇವೆ.

ನಮಸ್ಕಾರ.