ಕುರುಮಾನಿನ ಗಾಡಿದಾರಿ

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಆಫ್ರಿಕದ ಒಳನಾಡಿನಲ್ಲಿ, ಕಲಹಾರಿ ಮರಳುಗಾಡಿನ ದಕ್ಷಿಣದ ಅಂಚಿಗೆ, ಕುರುಮಾನ್ ಎಂಬ ಊರಿದೆ. ಸುತ್ತಮುತ್ತ ಒಣಹುಲ್ಲು, ಮುಳ್ಳುಜಾಲಿ. ಊರಿನಲ್ಲಿ ಮಾತ್ರ ಬಂಡೆಯ ಬುಡದಿಂದ ದಿನಕ್ಕೆ ಸುಮಾರು 2 ಕೋಟಿ ಲೀಟರ್ ತಿಳಿನೀರು ಉಕ್ಕುತ್ತದೆ. ಲಂಡನ್ ಮಿಷನರಿ ಸೊಸೈಟಿಯ ರಾಬರ್ಟ್ ಮೊಫಾಟ್ 1824ರಲ್ಲಿ ತಮ್ಮ ಠಾಣ್ಯವನ್ನು ಈ ಕಣಿವೆಗೆ ತಂದದ್ದು ಆ ನೀರನ್ನು ನಂಬಿ. ಮೊದಲಿದ್ದ ಜಾಗದಲ್ಲಿ ಕಾಲುವೆಗಾಗಿ ತಕರಾರು ಮುಗಿಯುತ್ತಲೇ ಇರಲಿಲ್ಲ. ಮಿಷನರಿಗಳು ತಮ್ಮ ತೋಟಕ್ಕೆ ಹರಿಸಿಕೊಂಡ ನೀರನ್ನು ಮೇಲುಗಡೆಯ ಹೆಂಗಸರು ಒಡ್ಡು ಕಡಿದು ತಮ್ಮ ಹೊಲಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಅವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ನೆಲ ಅವರದು, ಬರಗಾಲದಲ್ಲಿ ಒಣಗುತ್ತಿದ್ದ ಜೋಳವೂ ಅವರದು.

ಇದೇ ಸೊಸೈಟಿ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ನಮ್ಮ ಬಳ್ಳಾರಿಗೆ ಕಳಿಸಿತ್ತು. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಅಲ್ಲಿ ನಡೆಯುತ್ತಿದ್ದ ಕಾಲದಲ್ಲೇ ಇತ್ತ ಮೊಫಾಟರು ಅಲ್ಲಿನ ತ್ಸ್ವಾನಾ ಜನರ ಸೆತ್ಸ್ವಾನಾ ಭಾಷೆಯಲ್ಲಿ ಅಕ್ಷರ ಜೋಡಿಸಲು ಕುಳಿತಿದ್ದರು.

ಮಿಷನರಿ ಎಂದೊಡನೆ ಬೋಧನೆ, ಶಾಲೆ, ಪ್ರಾರ್ಥನೆ ನೆನಪಾಗುತ್ತವೆ. ಆದರೆ ಕುರುಮಾನಿನಿಂದ ಹೋದ ಪತ್ರಗಳಲ್ಲಿ ಕಾಣುವ ಬದುಕು ಬೇರೆ. ದಿನದ ಬಹುಪಾಲು ನೀರು, ಎತ್ತು, ಗಾಡಿ ಈ ಮೂರರ ಹಿಂದೆ ಕಳೆದುಹೋಗುತ್ತಿತ್ತು. ಇನ್ನೊಂದು ಮಾತು. ಆ ದಾರಿಯ ವಿದ್ಯೆ ಮಿಷನರಿಗಳದಾಗಿರಲಿಲ್ಲ. ಅದು ಗಾಡಿ ಹೊಡೆದ ಆ ನಾಡಿನ ಖೋಯ್, ಗ್ರಿಕ್ವಾ, ತ್ಸ್ವಾನಾ ಜನರದು. ಅವರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ. ಇವತ್ತು ಮಾತಾಡುವಾಗ ಅವರನ್ನು ಮುಂದಿಟ್ಟುಕೊಂಡೇ ಮಾತಾಡಬೇಕು.

ಮೊದಲು ಮನೆಯೊಳಗೆ ನೋಡೋಣ. ರಾಬರ್ಟರ ಹೆಂಡತಿ ಮೇರಿ ಮೊಫಾಟ್ ತವರಿಗೆ ಬರೆದ ಕಾಗದವೊಂದರಲ್ಲಿ, ಮನೆಯ ನೆಲವನ್ನು ವಾರಕ್ಕೊಮ್ಮೆಯಾದರೂ ಸಗಣಿಯಿಂದ ಸಾರಿಸುವುದಾಗಿ ತಿಳಿಸುತ್ತಾರೆ. ಮೊದಮೊದಲು ಹೇಸಿಗೆಪಟ್ಟವರು, ಧೂಳು ಅಡಗುತ್ತದೆ, ಚಿಗಟ ಸಾಯುತ್ತದೆ ಎಂದು ಕಂಡಮೇಲೆ ಅದನ್ನೇ ಮೆಚ್ಚಿದರು. ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಅವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬಹುದಿತ್ತು.

ಅಂಗಡಿಯೆಂಬುದು ಇರಲಿಲ್ಲವಾದ್ದರಿಂದ ಸಾಬೂನು, ಮೇಣದಬತ್ತಿ, ಬೆಣ್ಣೆ, ರೊಟ್ಟಿ ಎಲ್ಲ ಮನೆಯಲ್ಲೇ ಆಗಬೇಕು. ಕ್ಷಾರಗುಣದ ಸಾಲ್ಸೋಲ ಗಿಡವನ್ನೋ ಕಟ್ಟಿಗೆಯನ್ನೋ ಸುಟ್ಟ ಬೂದಿಯಿಂದ ನೀರು ಇಳಿಸಿ, ಕೊಬ್ಬು ಸೇರಿಸಿ ಕುದಿಸಿದರೆ ಸಾಬೂನು. ಬೂದಿಯಲ್ಲಿ ಕ್ಷಾರದ ಅಂಶ ಕಡಿಮೆಯಿದ್ದರೆ ಕೊಬ್ಬು ಬೇಗ ಸಾಬೂನಾಗದು. ತಿಂಗಳು, ಒಂದೂವರೆ ತಿಂಗಳವರೆಗೂ ಕುದಿಸಬೇಕಾಗುತ್ತಿತ್ತು. ರೊಟ್ಟಿ ಸುಡಲು ದೊಡ್ಡ ಹುತ್ತವೊಂದನ್ನು ಒಳಗಿಂದ ಕೊರೆದು, ಅದರಲ್ಲಿ ಬೆಂಕಿ ಹಾಕಿ ಕಾಯಿಸಿ, ಕೆಂಡ ಎಳೆದು, ಹಿಟ್ಟಿಟ್ಟು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚುತ್ತಿದ್ದರು. ಪ್ರಯಾಣದಲ್ಲಾದರೆ ಕಾದ ನೆಲದ ಮೇಲೆ ಹಿಟ್ಟಿಟ್ಟು, ಕಬ್ಬಿಣದ ಪಾತ್ರೆ ಕವುಚಿ, ಅದರ ಸುತ್ತಲೂ ಮೇಲೂ ಕೆಂಡ. ಹಿಂದಿನ ದಿನದ ಹಿಟ್ಟು ಸ್ವಲ್ಪ ಉಳಿಸಿ ಹುಳಿಬರಿಸಿದ್ದೇ ಹುದುಗು.

ಗಂಡಸು ಹೊರಗಡೆ ಕಮ್ಮಾರ, ಬಡಗಿ, ಗಾರೆಯವ, ತೋಟಗಾರ. ಮೊಫಾಟರು ತರಬೇತಿಯಿಂದಲೇ ತೋಟಗಾರರು, ಅದು ಅವರಿಗೆ ದೊಡ್ಡ ಆಸರೆಯಾಯಿತು. 1838ರಲ್ಲಿ ಮುಗಿದ ಕುರುಮಾನಿನ ಕಲ್ಲಿನ ಚರ್ಚಿಗೆ ಹುಲ್ಲಿನ ಛಾವಣಿ; ಅದರ ತೊಲೆಗಳು ನೂರಾರು ಕಿಲೋಮೀಟರ್ ದೂರದಿಂದ ಎತ್ತಿನಗಾಡಿಯಲ್ಲಿ ಬಂದವು, ಏಕೆಂದರೆ ಹತ್ತಿರದಲ್ಲಿ ಅಷ್ಟು ಉದ್ದದ ಮರವೇ ಇರಲಿಲ್ಲ. 1831ರಲ್ಲಿ ಕಬ್ಬಿಣದ ಅಚ್ಚುಯಂತ್ರವೂ ಗಾಡಿಯಲ್ಲೇ ಬಂತು. ಮೊಫಾಟರು ಕೇಪ್‌ಟೌನಿನಲ್ಲಿ ಅಚ್ಚಿನ ಕೆಲಸ ಕಲಿತು ತಾವೇ ಅದನ್ನು ನಡೆಸಿದರು. 1857ರಲ್ಲಿ ಇಡೀ ಬೈಬಲ್ ಸೆತ್ಸ್ವಾನಾದಲ್ಲಿ ಕುರುಮಾನಿನಲ್ಲೇ ಅಚ್ಚಾಗಿ ಮುಗಿಯಿತು. ಕಾಗದ, ಮಸಿ, ಸೀಸದ ಅಚ್ಚುಮೊಳೆ, ಎಲ್ಲದರ ಭಾರ ಹೊತ್ತದ್ದು ಎತ್ತಿನ ಹೆಗಲು.

ಇನ್ನು ಗಾಡಿಯ ಮಾತು. ನಮ್ಮ ಕಡೆಯ ಎರಡು ಗಾಲಿಯ, ಜೋಡೆತ್ತಿನ ಗಾಡಿಯಲ್ಲ ಇದು. ಕೇಪ್ ವ್ಯಾಗನ್ನಿಗೆ ನಾಲ್ಕು ಗಾಲಿ, ಉದ್ದ ಸುಮಾರು 5 ಮೀಟರು, ಮೇಲೆ ಕಮಾನು ಬಾಗಿಸಿ ಕ್ಯಾನ್ವಾಸ್ ಹೊದಿಕೆ. ಮುಂದಿನ ಗಾಲಿ ಚಿಕ್ಕದು, ಹಿಂದಿನದು ಆಳೆತ್ತರಕ್ಕೆ ತುಸು ಕಡಿಮೆ. ಮುಂಗಡೆಯ ಪೆಟ್ಟಿಗೆಯೇ ಗಾಡಿಯವನ ಆಸನ. ಒಳಗೆ ಮರದ ಚೌಕಟ್ಟಿಗೆ ತೊಗಲಿನ ಮಿಣಿ ಹೆಣೆದ ಮಂಚ. ಹಗಲು ಸಾಮಾನು ಅದರಡಿಗೆ, ರಾತ್ರಿ ಸಂಸಾರ ಅದರ ಮೇಲೆ. ಹೊಟ್ಟೆಯಡಿಯಲ್ಲಿ ನೀರಿನ ಪೀಪಾಯಿ, ಪಾತ್ರೆಗಳ ತಟ್ಟೆ. ಹಿಂದುಗಡೆ ತೂಗುವ ಡಬ್ಬಿಯಲ್ಲಿ ಟಾರು ಮತ್ತು ಕೊಬ್ಬು ಬೆರೆಸಿದ ಕೀಲೆಣ್ಣೆ.

ಎಳೆಯಲು 12ರಿಂದ 16 ಎತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಮೂಕಿಗೆ ಕಟ್ಟಿದ ಕೊನೆಯ ಜೋಡಿ ಬಿಟ್ಟು ಉಳಿದ ಜೋಡಿಗಳೆಲ್ಲ ಮೂಕಿಯ ತುದಿಯಿಂದ ಮುಂದಕ್ಕೆ ಚಾಚಿದ ಒಂದೇ ಉದ್ದನೆಯ ಹಸಿತೊಗಲಿನ ಮಿಣಿಯನ್ನು ಎಳೆಯುತ್ತವೆ. ಆ ಮಿಣಿಯ ಜಾಗಕ್ಕೆ ಮುಂದೆ ಸರಪಳಿ ಬಂತು. ನೊಗದಲ್ಲಿ ಕೊರಳಿನ ಎರಡೂ ಬದಿಗೆ ಗೂಟ, ಗೂಟದ ಕಚ್ಚಿಗೆ ಸಿಕ್ಕಿಸಿ ಗಂಟಲಡಿ ಹಾಯುವ ತೊಗಲಿನ ಕಣ್ಣಿ. ಪ್ರತಿ ಎತ್ತಿಗೂ ಹೆಸರು, ಪ್ರತಿ ಎತ್ತಿಗೂ ಖಾಯಂ ಜಾಗ. ಮೂಕಿಯ ಜೋಡಿ ಬಲಶಾಲಿ ಆಗಿರಬೇಕು, ಗಾಡಿ ತಿರುಗುವುದೂ ಇಳಿಜಾರಿನಲ್ಲಿ ತಡೆಯುವುದೂ ಅವುಗಳ ಮೇಲೆ. ಎಲ್ಲಕ್ಕಿಂತ ಮುಂದಿನ ಜೋಡಿ ಬುದ್ಧಿವಂತ ಎತ್ತುಗಳು. ಅವುಗಳ ಕೊಂಬಿಗೆ ಕಟ್ಟಿದ ಮಿಣಿ ಹಿಡಿದು ಒಬ್ಬ ಹುಡುಗ ನಡೆಯುತ್ತಾನೆ. ಇಡೀ ದಾರಿ, ಬರಿಗಾಲಲ್ಲಿ, ಮುಳ್ಳಿನ ಮೇಲೆ. ಹೊಳೆ ದಾಟುವಾಗ ಮೊದಲು ನೀರಿಗಿಳಿಯುವವನೂ ಅವನೇ. ಗಾಡಿಯವನ ಬಾರುಕೋಲಿನ ಕೋಲೇ ನಾಲ್ಕು ಮೀಟರಿನಷ್ಟು, ತೊಗಲಿನ ಬಾರು ಅದಕ್ಕಿಂತ ಉದ್ದ. ಹತ್ತಾರು ಎತ್ತುಗಳ ಸಾಲಿನಲ್ಲಿ ಸೋಮಾರಿ ಎತ್ತೊಂದರ ಹತ್ತಿರ ಗಾಳಿಯಲ್ಲಿ ಚಟೀರೆನಿಸಿ, ಪಕ್ಕದ ಎತ್ತಿಗೆ ತಾಗದಂತೆ ನೋಡಿಕೊಳ್ಳುವುದು ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಸಾಧ್ಯ.

ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡಿಗೆ. ಬೆಳಗಿನ ಜಾವ ಹೂಡಿ ಬಿಸಿಲೇರುವ ತನಕ ಒಂದು ಪಯಣ, ಸಂಜೆ ತಂಪಿನಲ್ಲಿ ಇನ್ನೊಂದು. ನಡುಹಗಲು ಎತ್ತು ಬಿಡಲೇಬೇಕು. ಅವು ಮೇಯಬೇಕು, ಮೇದದ್ದನ್ನು ಮಲಗಿ ಮೆಲುಕು ಹಾಕಬೇಕು. ರಾತ್ರಿ ಸಿಂಹದ ಭಯಕ್ಕೆ ನೊಗಕ್ಕೇ ಕಟ್ಟಿಹಾಕುವುದರಿಂದ ಮೇವೆಲ್ಲ ಹಗಲಿನಲ್ಲೇ ಆಗಬೇಕು. ಅವಸರದ ಹೊಸಬರು ಈ ಬಿಡುವನ್ನು ಕತ್ತರಿಸಿದರೆ ವಾರದೊಳಗೆ ಎತ್ತು ಬಡಕಲಾಗಿ, ಆಮೇಲೆ ಇದ್ದಲ್ಲೇ ಹದಿನೈದು ದಿನ ಕೂರಬೇಕಾಗುತ್ತಿತ್ತು. ಕೇಪ್‌ಟೌನಿನಿಂದ ಕುರುಮಾನಿಗೆ ಹತ್ತಿರ ಹತ್ತಿರ 1,100 ಕಿಲೋಮೀಟರ್. ದಿನಕ್ಕೆ 20ರಂತೆ ಹಿಡಿದರೆ 55 ದಿನ. ಭಾನುವಾರ ಗಾಡಿ ಹೂಡುವಂತಿಲ್ಲ. ಏನೂ ಕೆಡದಿದ್ದರೆ ಎರಡು ತಿಂಗಳು ದಾಟುತ್ತದೆ. ಇದೇ ಸೊಸೈಟಿಯ ಇನ್ನೊಬ್ಬ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ 1841ರ ಮೇ ತಿಂಗಳಲ್ಲಿ ಕರಾವಳಿಯ ಅಲ್ಗೋವಾ ಕೊಲ್ಲಿಯಿಂದ ಹೊರಟವರು ಕುರುಮಾನ್ ಮುಟ್ಟಿದ್ದು ಜುಲೈ 31ಕ್ಕೆ.

ಕೆಡುತ್ತಿದ್ದುದು ಏನೇನು? ಎಲ್ಲಕ್ಕಿಂತ ಮೊದಲು ಗಾಲಿ. ಕರಾವಳಿಯ ತೇವದಲ್ಲಿ ಮಾಡಿದ ಗಾಲಿ ಒಳನಾಡಿನ ಒಣಗಾಳಿಗೆ ಬಂದಾಗ ಮರ ಕುಗ್ಗುತ್ತದೆ. ಅರೆಕಾಲು ಅಲುಗುತ್ತವೆ, ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲವಾಗಿ ಗಲಗಲ ಸದ್ದು ಮಾಡುತ್ತದೆ. ಗಾಡಿಯವನಿಗೆ ಆ ಸದ್ದು ಕೇಳಿದ ಕೂಡಲೇ ಗೊತ್ತು. ಹೊಳೆ ಸಿಕ್ಕರೆ ಗಾಲಿ ಕಳಚಿ ರಾತ್ರಿಯಿಡೀ ನೀರಲ್ಲಿ ನೆನೆಹಾಕು. ನೀರಿಲ್ಲದಿದ್ದರೆ ಪಟ್ಟಿಗೂ ಮರಕ್ಕೂ ನಡುವೆ ಮರದ ಬೆಣೆ ಬಡಿ. ಎರಡೂ ತಾತ್ಕಾಲಿಕ. ಕೊನೆಗೆ ಕುಲುಮೆ ಹೂಡಿ, ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡಿ, ಬೆಸೆದು, ಕೆಂಪಗೆ ಕಾಯಿಸಿ ತೊಡಿಸಿ, ನೀರೆರಚಿ ಬಿಗಿಗೊಳಿಸಬೇಕು. ಮೊಫಾಟರು ಕಮ್ಮಾರಿಕೆ ಕಲಿತದ್ದು ಇಂಥ ಒತ್ತಾಯಕ್ಕೆ.

ಎರಡನೆಯದು ಮೂಕಿ. ಮುಂಗಾಲಿ ಹಳ್ಳಕ್ಕೆ ಬಿದ್ದ ಕ್ಷಣ ಎತ್ತುಗಳು ಓರೆಯಾಗಿ ಎಳೆದರೆ ಅದು ಬುಡದಲ್ಲೇ ಮುರಿಯುತ್ತದೆ. ಗಾಡಿಯಡಿ ಬದಲಿ ಮರ ಕಟ್ಟಿಕೊಂಡಿರದಿದ್ದರೆ ಹಸಿಮರ ಕಡಿಯಬೇಕು, ಹಸಿಮರ ಬಾಗುತ್ತದೆ. ಇಳಿಜಾರಿನಲ್ಲಿ ಹಿಂಗಾಲಿಯ ಅಡಿಗೆ ಕಬ್ಬಿಣದ ಅಥವಾ ಗಟ್ಟಿಮರದ ಜಾರುಪಾದ ಕೊಟ್ಟು ಸರಪಳಿಯಿಂದ ಬಿಗಿಯುತ್ತಾರೆ; ಗಾಲಿ ಉರುಳದೆ ಜಾರುತ್ತದೆ. ಪಾದವಿಲ್ಲದೆ ಬರೀ ಸರಪಳಿ ಬಿಗಿದರೆ ಪಟ್ಟಿ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಸರಪಳಿ ಕಡಿದರಂತೂ ಗಾಡಿ ಮೂಕಿಯ ಎತ್ತುಗಳ ಮೇಲೇ ಹರಿಯುತ್ತದೆ. ತೊಗಲಿನ ಮಿಣಿ, ಕಣ್ಣಿಗಳನ್ನು ರಾತ್ರಿ ನೆಲದ ಮೇಲೆ ಬಿಡಬಾರದು, ಕತ್ತೆಕಿರುಬ ಬಂದು ತಿಂದುಹೋಗುತ್ತದೆ.

ಹೊಳೆಗಳಲ್ಲಿ ದೊಡ್ಡದು ಆರೆಂಜ್. ನೆರೆ ಬಂದರೆ ದಡದಲ್ಲಿ ವಾರಗಟ್ಟಲೆ ಕಾಯುವುದೇ. ನೀರಿಳಿದ ಮೇಲೆ ಒಳಗೆ ಮರದ ದಿಮ್ಮಿ ಹಾಕಿ ಸಾಮಾನನ್ನು ಎತ್ತರಿಸಿ, ಎರಡು ಗಾಡಿಯ ಎತ್ತುಗಳನ್ನು ಒಂದಕ್ಕೇ ಹೂಡಿ ಇಳಿಯುತ್ತಾರೆ. ನಡುಹೊಳೆಯಲ್ಲಿ ನಿಲ್ಲಿಸಿದರೆ ಕೆಟ್ಟಿತು. ಹರಿಯುವ ನೀರು ಗಾಲಿಯಡಿಯ ಮರಳನ್ನು ಕೊರೆಯುತ್ತದೆ, ಗಾಲಿ ಗುಂಬದವರೆಗೆ ಹೂತುಹೋಗುತ್ತದೆ. ಆಗ ಸಾಮಾನೆಲ್ಲ ತಲೆಹೊರೆಯಲ್ಲಿ ಇಳಿಸಿ, ಪ್ರತಿ ಗಾಲಿಯ ಮುಂದೆ ಅಗೆದು, ರೆಂಬೆ ಹಾಸಿ, ಎಲ್ಲ ಎತ್ತೂ ಒಟ್ಟಿಗೆ ಜಗ್ಗುವಂತೆ ಕೂಗಬೇಕು. ಒಂದೆರಡು ಸಲ ಎಳೆದು ಗಾಡಿ ಕದಲದಿದ್ದರೆ ಎತ್ತು ಮನಸ್ಸು ಬಿಡುತ್ತವೆ, ಆಮೇಲೆ ಎಷ್ಟು ಹೊಡೆದರೂ ಕೆಲಸವಿಲ್ಲ. ಎತ್ತು ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕುರುಮಾನಿನ ಉತ್ತರಕ್ಕೆ ಇದಕ್ಕೆ ತದ್ವಿರುದ್ಧ, ನೀರೇ ಇಲ್ಲ. ಲಿವಿಂಗ್‌ಸ್ಟನ್ನರು ತ್ಸ್ವಾನಾದ ಕ್ವೆನಾ ಪಂಗಡದ ಅರಸ ಸೆಚೆಲೆಯ ಜನರೊಂದಿಗೆ ಕೊಲೊಬೆಂಗಿನಲ್ಲಿ ನೆಲೆಸಿ ಕಾಲುವೆ ತೋಡಿಸಿದರು, ಬರ ಹೊಳೆಯನ್ನೇ ಒಣಗಿಸಿತು. 1849ರ ಜೂನ್ 1ರಂದು ಅಲ್ಲಿಂದ ಎನ್‌ಗಾಮಿ ಸರೋವರದ ಕಡೆಗೆ ಹೊರಟ ಅವರ ತಂಡದಲ್ಲಿ ಸುಮಾರು 80 ಎತ್ತು, 20 ಕುದುರೆ. ಸೆರೊಟ್ಲಿ ಎಂಬಲ್ಲಿ ಕಾಣುವುದು ಬರೀ ಮರಳಿನ ತಗ್ಗುಗಳು. ಕೈಯಿಂದ, ಆಮೆಯ ಚಿಪ್ಪಿನಿಂದ ಮರಳು ಬಗೆದರೆ ಆಳದಲ್ಲಿ ಗಟ್ಟಿ ಪದರ ಸಿಗುತ್ತದೆ, ಅದರ ಮೇಲೆ ನೀರು ಮೆಲ್ಲಗೆ ಜಿನುಗುತ್ತದೆ. ಆಸೆಗೆ ಬಿದ್ದು ಪದರವನ್ನು ಒಡೆದರೆ ನೀರು ಕೆಳಗಿಳಿದು ಬಾವಿ ಶಾಶ್ವತವಾಗಿ ಸಾಯುತ್ತದೆ. ಇದನ್ನು ಬಲ್ಲವರು ಅಲ್ಲಿಯ ಕಲಹಾರಿ ಜನ. ಅವರ ಹೆಂಗಸರು ಮರಳಿಗೆ ಜೊಂಡಿನ ಕೊಳವೆ ಇಳಿಸಿ, ಬಾಯಿಂದ ನೀರು ಹೀರಿ, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿಗೆ ತುಂಬಿ ಹೂತಿಡುತ್ತಿದ್ದರು. ಅವರ ಮಾತು ಕೇಳಿದ್ದರಿಂದ ಆ ತಂಡ ಬದುಕಿತು, ಆಗಸ್ಟ್ 1ಕ್ಕೆ ಎನ್‌ಗಾಮಿ ಸರೋವರ ಕಂಡಿತು. 1851ರಲ್ಲಿ ಲಿವಿಂಗ್‌ಸ್ಟನ್ನರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅದೇ ಕಡೆ ಹೋದಾಗ ನೀರು ಮುಗಿದು ಮಕ್ಕಳು ನಾಲ್ಕು ದಿನ ಬಾಯಾರಿ ಬಳಲಿದರು. ಬಸುರಿಯಾಗಿದ್ದ ಮೇರಿ ಲಿವಿಂಗ್‌ಸ್ಟನ್ ಮರಳುವಾಗ ಝೌಗಾ ನದಿಯ ದಡದಲ್ಲಿ ಹೆತ್ತರು. ಗಂಡನ ಧೈರ್ಯವನ್ನು ಹೊಗಳುವವರು ಈ ಹೆಣ್ಣುಮಗಳ ಪಾಡನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ನೀರಿರುವ ಕಡೆ ಇನ್ನೊಂದು ಕಂಟಕ, ತ್ಸೆತ್ಸೆ ನೊಣ. ಮನೆನೊಣಕ್ಕಿಂತ ಹೆಚ್ಚು ದೊಡ್ಡದಲ್ಲ. ಕಚ್ಚಿದ ದಿನ ಎತ್ತಿಗೆ ಏನೂ ಅನ್ನಿಸದು. ಕೆಲವು ದಿನ ಕಳೆದು ಕಣ್ಣು, ಮೂಗು ಸುರಿಯುತ್ತವೆ, ಮೈ ಸೊರಗುತ್ತದೆ, ಮೇವು ತಿನ್ನುತ್ತಲೇ ಕ್ಷೀಣಿಸಿ ಸಾಯುತ್ತದೆ. ಕಾಡೆಮ್ಮೆ, ಜೀಬ್ರಾಗಳಿಗೆ ಮಾತ್ರ ಏನೂ ಆಗದು. 1851ರ ಆ ಪ್ರಯಾಣದಲ್ಲಿ ಚೋಬೆ ನದಿಯ ಬಳಿ 43 ಎತ್ತು ಹೀಗೆ ಸತ್ತವು. ನೊಣ ಹಗಲು ಕಚ್ಚುವುದರಿಂದ ಅದರ ಪಟ್ಟಿಯನ್ನು ರಾತ್ರಿ ದಾಟಿಸುವ ಉಪಾಯ ಅಲ್ಲಿನ ದನಗಾಹಿಗಳದು. ರೋಗದ ಮೂಲವಾದ ಸೂಕ್ಷ್ಮಜೀವಿಯನ್ನು ಡೇವಿಡ್ ಬ್ರೂಸ್ ಜುಲುನಾಡಿನಲ್ಲಿ ಗುರುತಿಸಿದ್ದು 1895ರ ಹೊತ್ತಿಗೆ. ನೊಣದ ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ದನ ಕಾಯುವವರಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು.

1853ರಲ್ಲಿ ಕೇಪ್‌ಗೆ ಹಡಗಿನಲ್ಲಿ ಬಂದ ದನಗಳಿಂದ ಶ್ವಾಸಕೋಶದ ಬೇನೆ ಹಬ್ಬಿತು. ಗಾಡಿದಾರಿಯೇ ಅದರ ದಾರಿಯಾಯಿತು, ಎತ್ತು ನಿಂತ ತಂಗುದಾಣಗಳಲ್ಲೆಲ್ಲ ಅದು ಹತ್ತಿಕೊಂಡಿತು. 1896ರಲ್ಲಿ ಬಂದ ರಿಂಡರ್‌ಪೆಸ್ಟ್, ಅಂದರೆ ನಮ್ಮ ರೈತರು ದೊಡ್ಡರೋಗ ಎನ್ನುತ್ತಿದ್ದ ಪಿಡುಗು, ಇದಕ್ಕಿಂತ ಎಷ್ಟೋ ಕ್ರೂರ. ತ್ಸ್ವಾನಾ ನಾಡಿನ ದನಗಳಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಅಳಿದವು. ಸರಕು ತುಂಬಿದ ಗಾಡಿಗಳು ಎಳೆಯುವವರಿಲ್ಲದೆ ದಾರಿಯಲ್ಲೇ ಉಳಿದವು. 1897ರಲ್ಲಿ ರೈಲು ಮಾಫೆಕಿಂಗ್ ದಾಟಿ ಬುಲವಾಯೊ ತಲುಪಿತು. ಹಳಿ ಪೂರ್ವಕ್ಕೆ ಸರಿದು ಹೋದದ್ದರಿಂದ ಕುರುಮಾನ್ ಬದಿಗೆ ಉಳಿಯಿತು. ಕತ್ತೆಗಳಿಗೆ ಆ ರೋಗ ತಗಲುವುದಿಲ್ಲವಾದ್ದರಿಂದ ಒಳಹಳ್ಳಿಗಳ ಸಾಗಾಟ ಅವುಗಳ ಪಾಲಿಗೆ ಬಂತು, ಆ ಸೀಮೆಯಲ್ಲಿ ಇಂದಿಗೂ ಕತ್ತೆಗಾಡಿ ಓಡಾಡುತ್ತದೆ.

ನಮಸ್ಕಾರ.